ಫಿಲೆಮೋನನ ಮನೆ



ಕಳೆದ ಲೆಂಟ್ ಕಾಲದಲ್ಲಿ ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಸಭೆಯ ಕೆಲವು ಕುಟುಂಬದವರು ಪ್ರತಿ ಬುಧವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಸತ್ಯವೇದವನ್ನು ಓದುತ್ತಿದ್ದೆವು. ಒಂದು ಬುಧವಾರ ಪೌಲನು ಫಿಲೆಮೋನನಿಗೆ ಬರೆದ ಪತ್ರವನ್ನು ತೆಗೆದುಕೊಂಡೆವು. ಒಂದೇ ಅಧ್ಯಾಯ, 25 ವಚನಗಳು. ಒಡೆಯನ ಮನೆಯಿಂದ ದೂರವಾಗಿ ಬಂದ ಓನೇಸಿಮನೆಂಬ ದಾಸನನ್ನು ಪೌಲನು ಸೆರೆಯಲ್ಲಿದ್ದಾಗ ಕಂಡು, ಮಗನಂತೆ ಅಂಗೀಕರಿಸಿ, ತಿರುಗಿ ಒಡೆಯನ ಬಳಿಗೆ ಕಳುಹಿಸುತ್ತಾನೆ. ಇನ್ನು ಮುಂದೆ ಅವನನ್ನು ದಾಸನೆಂದಲ್ಲ, ಸಹೋದರನೆಂದು ಸೇರಿಸಿಕೊಳ್ಳಬೇಕೆಂದು ಬೇಡಿಕೊಳ್ಳುತ್ತಾನೆ. ನಾವು ಈ ಪತ್ರವನ್ನು ಸಾಮಾನ್ಯವಾಗಿ ಬೇಗನೆ ಓದಿ ಮುಗಿಸಿ ಪ್ರಾರ್ಥನೆಗೆ ಹೋಗಿಬಿಡುತ್ತೇವೆ. ಆ ದಿನ ಹಾಗಾಗಲಿಲ್ಲ. ಪದವಿ ತರಗತಿಯಲ್ಲಿ ಓದುತ್ತಿರುವ ಹುಡುಗಿಯೊಬ್ಬಳು, "ಅವನನ್ನು ಬಿಡುಗಡೆ ಮಾಡು ಎಂದು ಪೌಲನು ನೇರವಾಗಿ ಏಕೆ ಬರೆಯಲಿಲ್ಲ?" ಎಂದು ಕೇಳಿದಳು. ಹಿರಿಯರು ತಮಗೆ ತಿಳಿದಂತೆ ಉತ್ತರಿಸಿದರು. ಅವಳು ಮತ್ತೆ ಕೇಳಿದಳು: "ನಮ್ಮ ಜನರಲ್ಲಿ, ನಮ್ಮ ಸಭೆಯವರಲ್ಲಿ, ಯಾರಾದರೂ ದಾಸರನ್ನು ಇಟ್ಟುಕೊಂಡಿದ್ದರೇ?"

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವನು. ಆದುದರಿಂದ ಎಲ್ಲರೂ ನನ್ನ ಕಡೆಗೆ ತಿರುಗಿದರು. "ಇಲ್ಲಮ್ಮ, ಅದು ಅಮೆರಿಕದ ಕಥೆ" ಎಂದೆ. ಅನಂತರ ಅರ್ಧ ಗಂಟೆ ಆ ಕಥೆಯನ್ನು ಹೇಳಿದೆ. ಎಲ್ಲರೂ ಮೆಚ್ಚಿಕೊಂಡರು. ಚಹಾ ಕುಡಿದು ಮನೆಗೆ ಬಂದೆ. ರಾತ್ರಿ ನಿದ್ರೆ ಹತ್ತಲಿಲ್ಲ. ಈ ಲೇಖನವನ್ನು ಆ ಹುಡುಗಿಗೆ ಕೊಟ್ಟ ಉತ್ತರದ ತಿದ್ದುಪಡಿಯೆಂದು ತಿಳಿಯಿರಿ.

ಮೊದಲು ಆ ಸಂಜೆ ಹೇಳಿದ ಕಥೆಯನ್ನೇ ಹೇಳುತ್ತೇನೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಮೆರಿಕದ ದಕ್ಷಿಣ ಪ್ರಾಂತ್ಯಗಳಲ್ಲಿ ಗುಲಾಮರನ್ನು ಇಟ್ಟುಕೊಂಡವರು ದೇವರನ್ನು ಅರಿಯದವರಾಗಿರಲಿಲ್ಲ. ಭಾನುವಾರ ತಪ್ಪದೆ ಆರಾಧನೆಗೆ ಹೋಗುವವರು, ಊಟಕ್ಕೆ ಮೊದಲು ಪ್ರಾರ್ಥಿಸುವವರು ಅವರಾಗಿದ್ದರು. ಫಿಲೆಮೋನನ ಪತ್ರವನ್ನೇ ತೋರಿಸಿ, ಓಡಿಹೋದ ದಾಸನನ್ನು ಅಪೊಸ್ತಲನೇ ಒಡೆಯನಿಗೆ ಒಪ್ಪಿಸಿದನಲ್ಲವೇ ಎಂದು ಅವರು ವಾದಿಸುತ್ತಿದ್ದರು. ದಾಸ್ಯವನ್ನು ವಿರೋಧಿಸಿದವರು ಅದೇ ಪತ್ರದಲ್ಲಿ ಸಹೋದರನೆಂಬ ಮಾತನ್ನು ತೋರಿಸುತ್ತಿದ್ದರು. ಕೊನೆಗೆ ಸಭೆಗಳೇ ಒಡೆದವು: 1844ರಲ್ಲಿ ಮೆಥೊಡಿಸ್ಟರು, 1845ರಲ್ಲಿ ಬ್ಯಾಪ್ಟಿಸ್ಟರು ಉತ್ತರ–ದಕ್ಷಿಣಗಳಾಗಿ ಬೇರೆಯಾದರು. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು, ಮುಂದೆ 1847ರಲ್ಲಿ 'ನಾರ್ತ್ ಸ್ಟಾರ್' ಪತ್ರಿಕೆಯನ್ನು ಆರಂಭಿಸಿದ ಫ್ರೆಡರಿಕ್ ಡಗ್ಲಸ್ ತನ್ನ ಒಡೆಯನ ವಿಷಯವಾಗಿ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಆ ಒಡೆಯನು 1832ರಲ್ಲಿ ಬಯಲಿನ ಉಜ್ಜೀವನ ಕೂಟವೊಂದರಲ್ಲಿ ಭಕ್ತನಾದನಂತೆ. ಇನ್ನಾದರೂ ತಮ್ಮನ್ನು ಬಿಡುವನು, ಇಲ್ಲವೇ ಕರುಣೆಯಾದರೂ ತೋರುವನು ಎಂದು ಡಗ್ಲಸ್ ಕಾದಿದ್ದ. ಒಡೆಯನು ಮೊದಲಿಗಿಂತ ಕ್ರೂರಿಯಾದ. ಪ್ರಾರ್ಥನೆ ಮಾತ್ರ ಹೆಚ್ಚಾಯಿತು.

ಇಂಥ ಕಾಲದಲ್ಲಿ ಕೆಲವರು ಪತ್ರಿಕೆಗಳನ್ನು ಹೊರಡಿಸಿದರು. ಕಪ್ಪು ಜನರೇ ನಡೆಸಿದ ಮೊದಲ ಅಮೆರಿಕನ್ ಪತ್ರಿಕೆ 'ಫ್ರೀಡಮ್ಸ್ ಜರ್ನಲ್' 1827ರ ಮಾರ್ಚ್ 16ರಂದು ನ್ಯೂಯಾರ್ಕಿನಲ್ಲಿ ಹೊರಟಿತು. ಅದರ ಇಬ್ಬರು ಸಂಪಾದಕರಲ್ಲಿ ಒಬ್ಬನಾದ ಸ್ಯಾಮ್ಯುಯಲ್ ಕಾರ್ನಿಶ್ ಸಭಾಪಾಲಕ. 1831ರ ಜನವರಿ 1ರಂದು ಬೋಸ್ಟನ್ನಿನಲ್ಲಿ ವಿಲಿಯಂ ಲಾಯ್ಡ್ ಗ್ಯಾರಿಸನ್ 'ಲಿಬರೇಟರ್' ಪತ್ರಿಕೆಯನ್ನು ಆರಂಭಿಸಿದ. ಅವನನ್ನು ಹಿಡಿದುಕೊಟ್ಟವರಿಗೆ ಜಾರ್ಜಿಯಾ ಪ್ರಾಂತ್ಯದ ಶಾಸನಸಭೆಯು 5,000 ಡಾಲರ್ ಬಹುಮಾನ ಘೋಷಿಸಿತು. 1835ರ ಜುಲೈಯಲ್ಲಿ ಚಾರ್ಲ್ಸ್ಟನ್ ನಗರದ ಜನ ಅಂಚೆ ಕಚೇರಿಗೆ ನುಗ್ಗಿ, ಇಂಥ ಪತ್ರಿಕೆಗಳಿದ್ದ ಚೀಲಗಳನ್ನು ಹೊತ್ತೊಯ್ದು ಸುಟ್ಟುಹಾಕಿದರು. ಎಲೈಜಾ ಲವ್‌ಜಾಯ್ ಎಂಬ ಪ್ರೆಸ್ಬಿಟೇರಿಯನ್ ಬೋಧಕ–ಸಂಪಾದಕನ ಅಚ್ಚಿನ ಯಂತ್ರಗಳನ್ನು ಒಂದಾದ ಮೇಲೊಂದರಂತೆ ಮುರಿದರು. ಅವನು ಮತ್ತೊಂದನ್ನು ತರಿಸಿದ. 1837ರ ನವೆಂಬರ್ 7ರ ರಾತ್ರಿ ಇಲಿನಾಯ್ ಪ್ರಾಂತ್ಯದ ಆಲ್ಟನ್ನಿನಲ್ಲಿ ಅದನ್ನು ಕಾಯುತ್ತಿದ್ದಾಗ ಗುಂಡಿಗೆ ಬಲಿಯಾದ. ಇನ್ನೆರಡು ದಿನ ಬದುಕಿದ್ದರೆ ಅವನಿಗೆ 35 ತುಂಬುತ್ತಿತ್ತು.

ಆದರೆ ಎಲ್ಲಕ್ಕಿಂತ ಹೆಚ್ಚಾಗಿ ನನ್ನ ನಿದ್ರೆ ಕೆಡಿಸಿದವರು ಗ್ರಿಮ್ಕೆ ಸಹೋದರಿಯರು. ಸಾರಾ ಮತ್ತು ಆಂಜಲಿನಾ ಗ್ರಿಮ್ಕೆ ಅದೇ ಚಾರ್ಲ್ಸ್ಟನ್ನಿನ ನ್ಯಾಯಾಧೀಶನೊಬ್ಬನ ಹೆಣ್ಣುಮಕ್ಕಳು. ಗುಲಾಮರು ದುಡಿದ ಅನ್ನದಲ್ಲಿಯೇ ಬೆಳೆದವರು. ಇಬ್ಬರೂ ಮನೆ ಬಿಟ್ಟು ಉತ್ತರಕ್ಕೆ ಹೋದರು. ತಮ್ಮ ಮನೆಯಲ್ಲಿ, ತಮ್ಮ ಬಂಧುಗಳ ಮನೆಯಲ್ಲಿ ಕಂಡದ್ದನ್ನು ಬಹಿರಂಗವಾಗಿ ಹೇಳಿದರು. ಆಂಜಲಿನಾಳ ಪತಿ ಥಿಯೋಡೋರ್ ವೆಲ್ಡ್ ಇವರೊಂದಿಗೆ ಸೇರಿ 1839ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದ. ಅದಕ್ಕೆ ಅವರು ಸಾಮಗ್ರಿ ಸಂಗ್ರಹಿಸಿದ ಬಗೆಯನ್ನು ಕೇಳಿ. ದಕ್ಷಿಣದಿಂದ ಬರುತ್ತಿದ್ದ ಸಾವಿರಾರು ಹಳೆಯ ಪತ್ರಿಕೆಗಳನ್ನು ಮನೆಗೆ ತಂದು, ಇಬ್ಬರೂ ಸಹೋದರಿಯರು ತಿಂಗಳುಗಟ್ಟಲೆ ಕುಳಿತು ಓದಿ ಕತ್ತರಿಸಿದರು. ಅವರು ಹುಡುಕಿದ್ದು ದಾಸ್ಯವನ್ನು ಖಂಡಿಸಿದ ಲೇಖನಗಳನ್ನಲ್ಲ, ಒಡೆಯರೇ ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳನ್ನು. ಓಡಿಹೋದವನ ಗುರುತು: ಕುತ್ತಿಗೆಯಲ್ಲಿ ಕಬ್ಬಿಣದ ಪಟ್ಟಿ, ಕೆನ್ನೆಯ ಮೇಲೆ ಬರೆ ಹಾಕಿದ ಅಕ್ಷರ, ಬೆನ್ನಿನ ಮೇಲೆ ಚಾವಟಿಯ ಕಲೆ. ತಾವು ಯಾವುದಕ್ಕೆ ಸಾಕ್ಷಿ ನುಡಿಯುತ್ತಿದ್ದೇವೆ ಎಂಬುದು ಆ ಒಡೆಯರಿಗೆ ಹೊಳೆದಿರಲಿಲ್ಲ. ಕಳೆದುಹೋದ ಕುದುರೆಯ ಗುರುತು ಬರೆಯುವಂತೆ ಬರೆದಿದ್ದರು. ವಿರೋಧಿಯ ಮಾತನ್ನು ಸುಳ್ಳೆನ್ನಬಹುದು. ತನ್ನದೇ ಕೈಬರಹವನ್ನು ಹೇಗೆ ಸುಳ್ಳೆನ್ನುವುದು?

ಅಮೆರಿಕದ ಕಥೆ ನಮ್ಮ ಎರೆಭೂಮಿಗೆ ಅಷ್ಟೇನೂ ದೂರದ್ದಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಗುಲಾಮರು ಬಿಡಿಸಿದ ಹತ್ತಿಯೇ ಆ ದೇಶದ ಸಂಪತ್ತು. 1840ರ ದಶಕದಲ್ಲಿ ಕಂಪನಿ ಸರಕಾರವು ಅಲ್ಲಿಯ ತೋಟಗಾರರನ್ನೇ ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ಧಾರವಾಡದ ಸೀಮೆಯಲ್ಲಿ ಬಿತ್ತಿಸಿತು. 1861ರಿಂದ 1865ರವರೆಗೆ ಅಲ್ಲಿ ಯುದ್ಧ ನಡೆದು ದಕ್ಷಿಣದ ಬಂದರುಗಳು ಮುಚ್ಚಿದಾಗ ನಮ್ಮ ಹತ್ತಿಯ ಬೆಲೆ ಆಕಾಶಕ್ಕೇರಿತು; ಯುದ್ಧ ಮುಗಿದೊಡನೆ ನೆಲಕ್ಕೆ ಬಿತ್ತು. ಆ ದೇಶದಲ್ಲಿ ದಾಸ್ಯ ಅಳಿದ ಸುದ್ದಿ ಮುಂಬಯಿ ಪ್ರಾಂತ್ಯದ ಒಬ್ಬನಿಗೆ ಬೇರೊಂದು ರೀತಿಯಲ್ಲಿ ಮುಟ್ಟಿತು. ಪುಣೆಯ ಜೋತಿರಾವ್ ಫುಲೆ 1873ರಲ್ಲಿ ಬರೆದ 'ಗುಲಾಮಗಿರಿ' ಗ್ರಂಥವನ್ನು, ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕದ ಜನರಿಗೇ ಅರ್ಪಿಸಿದರು. ಮಿಷನ್ ಶಾಲೆಯಲ್ಲಿ ಓದಿದ ಆ ಮಹನೀಯರಿಗೆ, ಅಮೆರಿಕದ ಕಥೆಯೆಂದರೆ ನಮ್ಮ ಕಥೆಯೂ ಹೌದೆಂದು ಅಂದೇ ಕಂಡಿತ್ತು. ಇತಿಹಾಸದ ಮಾಸ್ತರನಾದ ನನಗೆ ಆ ಬುಧವಾರ ಕಾಣಲಿಲ್ಲ.

ನಮ್ಮ ದೇಶದ ಕಾನೂನಿನ ವಿಷಯ. ಬ್ರಿಟಿಷ್ ಸಂಸತ್ತು 1833ರಲ್ಲಿ ತನ್ನ ಸಾಮ್ರಾಜ್ಯದಲ್ಲಿ ದಾಸ್ಯವನ್ನು ರದ್ದುಗೊಳಿಸಿದಾಗ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಅದರಿಂದ ಹೊರಗಿಟ್ಟಿತು. ಹತ್ತು ವರ್ಷಗಳ ಮೇಲೆ, 1843ರ ಏಪ್ರಿಲ್‌ನಲ್ಲಿ, ಇಲ್ಲಿ ಐದನೆಯ ಕಾಯ್ದೆ ಬಂದಿತು. ಅದು ಯಾರ ಕೈಕೋಳವನ್ನೂ ಕಳಚಲಿಲ್ಲ. ಒಬ್ಬನು ಇನ್ನೊಬ್ಬನ ಸ್ವತ್ತೆಂಬ ವಾದವನ್ನು ನ್ಯಾಯಾಲಯಗಳು ಮನ್ನಿಸಬಾರದು ಎಂದಷ್ಟೇ ಹೇಳಿತು. ನ್ಯಾಯಾಲಯದ ಮೆಟ್ಟಿಲನ್ನೇ ಕಾಣದ ಹೊಲದ ಆಳಿಗೆ ಇದನ್ನು ತಿಳಿಸುವವರು ಯಾರು? ಅದೇ ವರ್ಷದ ಜುಲೈ 1ರಂದು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅವರು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆಯೆಂದು ನಾವು ಪ್ರತಿ ವರ್ಷ ಆ ದಿನವನ್ನು ಆಚರಿಸುತ್ತೇವೆ. ಕಾಯ್ದೆಯೂ ಪತ್ರಿಕೆಯೂ ಒಂದೇ ವರ್ಷದ ಕೂಸುಗಳು. ಕಾಯ್ದೆಯು ಯಾರ ಸಲುವಾಗಿ ಬಂದಿತೋ ಅವರಿಗೆ ಪತ್ರಿಕೆ ಓದಲು ಬರುತ್ತಿರಲಿಲ್ಲ.

ಇನ್ನು ನಮ್ಮ ಮನೆಗೆ ಬರುತ್ತೇನೆ.

ನಮ್ಮ ಅಜ್ಜನವರು ಗುಳೇದಗುಡ್ಡದ ಸಭೆಯವರು, ಖಣ ನೇಯುತ್ತಿದ್ದವರು. ನಮ್ಮ ತಂದೆ ಇಳಕಲ್ಲಿಗೆ ಬಂದು ನಾಲ್ಕು ಕುಣಿಮಗ್ಗಗಳನ್ನು ಹಾಕಿಕೊಂಡರು. ಮನೆಯ ಹಿಂದೆ ಎರಡು ಎಮ್ಮೆ. ಹುನಗುಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸ್ವಲ್ಪ ಹೊಲ. ಸಾಹುಕಾರರೇನಲ್ಲ, ನಾಲ್ವರು ಕೂಲಿ ನೇಕಾರರ ಎದುರಿಗೆ ಮಾತ್ರ ಸಾಹುಕಾರರು. 1972ರ ಬರದಲ್ಲಿ ಆ ಹಳ್ಳಿಯ ದಲಿತ ಕೇರಿಯ ಒಬ್ಬನು ಬಂದು 250 ರೂಪಾಯಿ ಸಾಲ ಪಡೆದು, ಹತ್ತು ವರ್ಷದ ಮಗನನ್ನು ನಮ್ಮಲ್ಲಿ ಬಿಟ್ಟುಹೋದ. ನನಗೆ ಆಗ ಒಂಬತ್ತು. ಆ ಹುಡುಗ ನಸುಕಿನಲ್ಲೆದ್ದು ಎಮ್ಮೆಯ ಸಗಣಿ ಬಾಚುತ್ತಿದ್ದ, ಮೇಯಿಸಿ ತರುತ್ತಿದ್ದ, ಮಧ್ಯಾಹ್ನ ಕೂತು ಕಂಡಿಕೆ ಸುತ್ತುತ್ತಿದ್ದ, ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ ಹುಬ್ಬಳ್ಳಿಯಿಂದ ಬಂದ ದಿನಪತ್ರಿಕೆಯನ್ನು ತರುತ್ತಿದ್ದ. ನಾನು ಶಾಲೆಗೆ ಹೋಗುತ್ತಿದ್ದೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ನಾನು ಅವನಲ್ಲಿ ಕೇಳಿಲ್ಲ.

ಜೀತವೆಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲಿಯೂ ಇರಲಿಲ್ಲ. ಅವನು 'ಆಳುಮಗ'. ಆ ಪದದಲ್ಲಿ ಮಗನೆಂಬುದೂ ಇದೆಯಲ್ಲ, ಅದು ನಮಗೆ ಬಹಳ ಸಮಾಧಾನ ಕೊಡುತ್ತಿತ್ತು. ಅವನನ್ನು ಯಾರೂ ಹೊಡೆಯಲಿಲ್ಲ. ನಾವು ಉಂಡದ್ದನ್ನೇ ಅವನೂ ಉಂಡ, ಹಿತ್ತಲ ಕಟ್ಟೆಯ ಮೇಲೆ ಕೂತು. ಕ್ರಿಸ್ಮಸ್ಸಿಗೆ ನನಗೂ ಅವನಿಗೂ ಒಂದೇ ತಾನಿನ ಬಟ್ಟೆಯಲ್ಲಿ ನೀಲಿ ಅಂಗಿ ಹೊಲಿಸಿದ್ದನ್ನು ನಮ್ಮ ತಾಯಿ ಸಾಯುವವರೆಗೂ ಹೇಳುತ್ತಿದ್ದರು. ನಾವು ಎಷ್ಟು ಒಳ್ಳೆಯವರೆಂಬುದಕ್ಕೆ ಆ ಅಂಗಿಯೇ ನಮ್ಮ ಪುರಾವೆ.

ರಾತ್ರಿ ಊಟವಾದ ಮೇಲೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ತಂದೆಯವರಿಗೆ ಕೇಳಿಸುವುದು ನನ್ನ ಪಾಳಿ. ಅವರ ಕಣ್ಣು ಮಗ್ಗದಲ್ಲಿ ಸೋತಿದ್ದವು. 1975ರ ಅಕ್ಟೋಬರ್ ಕೊನೆಯ ಒಂದು ರಾತ್ರಿ ಜೀತಪದ್ಧತಿ ರದ್ದಾದ ಸುದ್ದಿಯನ್ನು ಓದಿದೆ. ಅದು ಸುಗ್ರೀವಾಜ್ಞೆ, ಮರುವರ್ಷ ಸಂಸತ್ತು ಅದನ್ನು ಕಾಯ್ದೆ ಮಾಡಿತು. ಸಾಲಕ್ಕಾಗಿ ದುಡಿಯುವವರೆಲ್ಲರೂ ಅಂದಿನಿಂದ ಸ್ವತಂತ್ರರು, ಆ ಸಾಲವೂ ರದ್ದು, ಮತ್ತೆ ದುಡಿಸಿಕೊಂಡವರಿಗೆ ಮೂರು ವರ್ಷದವರೆಗೆ ಸೆರೆವಾಸ, 2,000 ರೂಪಾಯಿಯವರೆಗೆ ದಂಡ. ಎರಡು ಸಾಲು ಓದಿ, "ಜೀತ ಅಂದ್ರೇನಪ್ಪಾ?" ಎಂದು ಕೇಳಿದೆ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಬಿಹಾರದ ಕಡೆ ಇರತೈತಿ. ಮುಂದಿನ ಸುದ್ದಿ ಓದು" ಎಂದರು. ಮುಂದಿನ ಸುದ್ದಿ ಓದಿದೆ. ಆ ಪತ್ರಿಕೆಯನ್ನು ಅಂದು ಸಂಜೆ ಬಸ್ ನಿಲ್ದಾಣದಿಂದ ತಂದವನು ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ. ಆಮೇಲೆ ಎಂದಿನಂತೆ ಕುಟುಂಬ ಪ್ರಾರ್ಥನೆ ನಡೆಯಿತು.

ಅವನು ನಮ್ಮಲ್ಲಿ ಇನ್ನೂ ಮೂರು ವರ್ಷ ಇದ್ದ. 1978ರಲ್ಲಿ ಒಂದು ದಿನ ಯಾರಿಗೂ ಹೇಳದೆ ಗೋವೆಯ ಕಡೆ ಹೋದ. ತಂದೆಯವರು ಹುಡುಕಿಸಲಿಲ್ಲ, ಆ ಔದಾರ್ಯವನ್ನೂ ನಾವು ಮನೆಯಲ್ಲಿ ಆಗಾಗ ನೆನೆಯುತ್ತಿದ್ದೆವು.

ತಂದೆಯವರು 2009ರಲ್ಲಿ ಕರ್ತನ ಬಳಿಗೆ ಸೇರಿದರು. ಅವರ ಖಾತೆ ಪುಸ್ತಕಗಳು ನನ್ನ ಟ್ರಂಕಿನಲ್ಲಿ ಹಾಗೆಯೇ ಇದ್ದವು. ಆ ಬುಧವಾರ ರಾತ್ರಿ ಎದ್ದು ಅವನ್ನು ತೆಗೆದೆ. ತಂದೆಯವರ ಅಕ್ಷರ ಮುತ್ತಿನಂತಹದು. ಮಿಷನ್ ಶಾಲೆಯ ಅಕ್ಷರ. ಆ ಹುಡುಗನ ತಂದೆಯ ಹೆಸರಿನಲ್ಲಿ ಒಂದು ಪುಟ. ಮೊದಲ ಸಾಲು 250. ವರ್ಷಕ್ಕೆ 75 ರೂಪಾಯಿಯಂತೆ ಹುಡುಗನ ದುಡಿಮೆ ಜಮಾ. ಊಟ–ಬಟ್ಟೆ ಮನೆಯದೆಂದು ಪಕ್ಕದಲ್ಲಿ ಬರೆದಿದೆ. ಕೆಳಗೆ, ಅಕ್ಕನ ಮದುವೆಗೆ ಕೊಟ್ಟದ್ದು 150. ಮೇಯಲು ಹೋದಾಗ ಸತ್ತ ಎಮ್ಮೆಯ ಕರು 70. ಔಷಧ 14. ಬಡ್ಡಿ. ಮತ್ತೆ ಬಡ್ಡಿ. 1975ರ ಅಕ್ಟೋಬರ್ ಬಂದು ಹೋದದ್ದಕ್ಕೆ ಆ ಪುಟದಲ್ಲಿ ಯಾವ ಗುರುತೂ ಇಲ್ಲ. ನವೆಂಬರಿನ ಲೆಕ್ಕ ಅದೇ ಶಾಯಿಯಲ್ಲಿ ಮುಂದುವರಿದಿದೆ. 1973ರ ಡಿಸೆಂಬರಿನ ಎದುರು ಒಂದು ಸಾಲು: ಅಂಗಿ, 9 ರೂಪಾಯಿ. ಆರು ವರ್ಷ ದುಡಿದ ಮೇಲೆ ಉಳಿದ ಬಾಕಿ 187.

ನಮ್ಮ ತಂದೆ ಕೆಟ್ಟವರಾಗಿದ್ದರೆ ಈ ಲೇಖನ ಸುಲಭವಾಗುತ್ತಿತ್ತು. ಅವರು ಯಾರ ಕಾಸನ್ನೂ ಮುಟ್ಟದವರು, ಸಭೆಯ ಕಾಣಿಕೆಯ ಲೆಕ್ಕವನ್ನು ಹಲವು ವರ್ಷ ಒಂದು ಪೈಸೆ ತಪ್ಪದೆ ಬರೆದವರು. ಅದೇ ಪ್ರಾಮಾಣಿಕತೆಯಿಂದಲೇ ಈ ಪುಟವನ್ನೂ ಬರೆದಿದ್ದಾರೆ. ಮರೆಮಾಚಬೇಕೆಂದು ಅವರಿಗೆ ತೋರಲೇ ಇಲ್ಲ. ಚಾರ್ಲ್ಸ್ಟನ್ನಿನ ಆ ಸಹೋದರಿಯರು ಕತ್ತರಿ ಹಿಡಿದು ಕುಳಿತಾಗ, ಕಂಡು ಪರಿಚಯವಿದ್ದವರ ಹೆಸರೂ ಆ ಜಾಹೀರಾತುಗಳಲ್ಲಿ ಕಣ್ಣಿಗೆ ಬಿದ್ದಿರಬೇಕಲ್ಲವೇ ಎಂದು ನನಗೆ ಆ ರಾತ್ರಿ ಅನ್ನಿಸಿತು.

ಈಸ್ಟರ್ ಕಳೆದ ಮೇಲೆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹುನಗುಂದದ ಬಸ್ಸು ಹತ್ತಿದೆ. ಅವನು ಊರಿಗೆ ಮರಳಿ ಬಹಳ ವರ್ಷಗಳಾದವೆಂದು ಕೇಳಿದ್ದೆ. ಪಂಚಾಯಿತಿ ಕೊಟ್ಟ ಮನೆ, ಮುಂದೆ ಬೇವಿನ ಮರ, ಒಂದು ಎಮ್ಮೆ. ಇಬ್ಬರು ಗಂಡುಮಕ್ಕಳು ಮಂಗಳೂರಿನ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ, ಗುತ್ತಿಗೆದಾರನಿಂದ ಮುಂಗಡ ಪಡೆದು. ಮುಂಗಡ ಎಷ್ಟೆಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಅವನ ತಲೆ ಪೂರ್ತಿ ನೆರೆತಿತ್ತು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ಸಣ್ಣ ಸಾವಕಾರ್ರೇನ್ರಿ? ಬರ್ರಿ, ಬರ್ರಿ" ಎಂದು ಒಳಗಿನಿಂದ ಕಂಬಳಿ ತಂದು ಕಟ್ಟೆಯ ಮೇಲೆ ಹಾಸಿ, ತಾನು ಕೆಳಗೆ ಕೂರಲು ಹೋದ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ. ನೀನು ಎನ್ನಬೇಕೋ ನೀವು ಎನ್ನಬೇಕೋ ತಿಳಿಯದೆ, ಬಹಳ ಹೊತ್ತು ಎರಡನ್ನೂ ಬಿಟ್ಟು ಮಾತನಾಡಿದೆ. ಚೀಲದಿಂದ ಪುಸ್ತಕ ತೆಗೆದಾಗ ಅದರ ಕೆಂಪು ರಟ್ಟನ್ನು ಕಂಡ ಕೂಡಲೇ ಅವನ ಮುಖ ಬದಲಾಯಿತು.

"ನಂದು ಇನ್ನೂ ಬಾಕಿ ಐತೇನ್ರಿ?"

"ಇಲ್ಲ. ಎಪ್ಪತ್ತೈದನೇ ಇಸ್ವಿಯಾಗs ಸರಕಾರ ಎಲ್ಲಾ ಮಾಫ್ ಮಾಡಿತ್ತು. ಪೇಪರಿನಾಗ ಬಂದಿತ್ತು" ಎಂದೆ.

"ನಾ ತರತಿದ್ದೆನಲ್ರಿ, ಆ ಪೇಪರಿನಾಗ?"

"ಹೌದು."

ಅವನು ಎಮ್ಮೆಯ ಕಡೆ ನೋಡುತ್ತ ಕೇಳಿದ: "ನೀವು ಓದಿದ್ರೇನ್ರಿ?"

ಓದಿದ್ದೆ ಎಂದೆ. ಅವನು ತಲೆಯಾಡಿಸಿದ. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಒಳಗಿನಿಂದ ಸೊಸೆ ಚಹಾ ತಂದಿಟ್ಟಳು. ಪೌಲನ ಪತ್ರದಲ್ಲಿಯೂ ಒಂದು ಲೆಕ್ಕದ ಮಾತು ಬರುತ್ತದೆ, ನಿಮಗೆ ನೆನಪಿರಬಹುದು: ಓನೇಸಿಮನು ಕೊಡಬೇಕಾದ್ದೇನಾದರೂ ಇದ್ದರೆ ಅದನ್ನು ತನ್ನ ಲೆಕ್ಕಕ್ಕೆ ಹಾಕೆಂದು ಅಪೊಸ್ತಲನು ಸ್ವಂತ ಕೈಯಿಂದ ಬರೆಯುತ್ತಾನೆ. ದಾಸನಿಗೆ ಒಡೆಯನು ಎಷ್ಟು ಕೊಡಬೇಕು ಎಂಬ ಲೆಕ್ಕ ಆ ಪತ್ರದಲ್ಲಿ ಇಲ್ಲ. ನಾನು ಅದಕ್ಕಾಗಿಯೇ ಲಕೋಟೆಯಲ್ಲಿ ಸ್ವಲ್ಪ ಹಣ ತಂದಿದ್ದೆ. ಅದನ್ನು ಹೊರಗೆ ತೆಗೆಯಲು ನಾಚಿಕೆಯಾಗಿ ಚೀಲದಲ್ಲಿಯೇ ಇಟ್ಟುಕೊಂಡು ಕೂತಿದ್ದೆ.

"ಏನೇನ್ ಬರದಾರ ಓದ್ರಿ, ಕೇಳೂಣು" ಎಂದ.

ಓದಿದೆ. ಅಕ್ಕನ ಮದುವೆ ಎಂದಾಗ ಹೌದೆಂದ. ಕರುವಿನ ಲೆಕ್ಕ ಬಂದಾಗ, ಅದು ಹಾವು ಕಡಿದು ಸತ್ತದ್ದೆಂದೂ ಆ ರಾತ್ರಿ ತಾನು ಉಣ್ಣಲಿಲ್ಲವೆಂದೂ ಹೇಳಿದ. ಔಷಧ ನೆನಪಿರಲಿಲ್ಲ. ಅಂಗಿ, ಒಂಬತ್ತು ರೂಪಾಯಿ ಎಂದು ಓದಿದಾಗ ಕೈಯೆತ್ತಿ ನನ್ನನ್ನು ತಡೆದ.

"ಆ ನೀಲಿ ಅಂಗಿ ಏನ್ರಿ? ಹಬ್ಬದ್ದು?"

"ಹೌದು."

"ನಿಮಗೂ ಅಂಥಾದs ಹೊಲಿಸಿದ್ರಲ್ರಿ" ಎಂದು, ಓದು ಬಾರದ ಕಣ್ಣುಗಳಿಂದ ಆ ಪುಟವನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕೇಳಿದ: "ಅದನ್ನ ಯಾವ ಪುಟದಾಗ ಬರದಾರ್ರಿ?"